ಬಿ.ಎಸ್ಸಿ. ಓದಿದ ಹೆಣ್ಣು ಬೇಕಾಗಿದೆ

ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಕೈ ತೊಳೆದು, ಮೊದಲು ಕೇಳಿದ್ದು ನನ್ನ ಮಾರ್ಕ್ಸ್ ಕಾರ್ಡನ್ನು.

ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ, ಜಾತಕ ಇದೆಯೇ, ಒಂದನ್ನೂ ಕೇಳಲಿಲ್ಲ. ಹುಡುಗನ ಅಪ್ಪ ಹಾಲಸ್ವಾಮಿಯವರು ಕನ್ನಡಕ ಏರಿಸಿಕೊಂಡು ಆರೂ ಸೆಮಿಸ್ಟರಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. "ಬಾಟನಿ ಐತೆ, ಜುವಾಲಜಿನೂ ಐತೆ," ಎಂದು ಮಗ ಕಲ್ಲೇಶನ ಕಡೆ ನೋಡಿ ತಲೆಯಾಡಿಸಿದರು. ಆಮೇಲೆ ನಮ್ಮಪ್ಪನ ಕಡೆ ತಿರುಗಿ, "ರೇಣುಕಪ್ರಸಾದರೇ, ಡಿಗ್ರಿ ಸರ್ಟಿಫಿಕೇಟ್ ಒರಿಜಿನಲ್ ಮನೇಲೇ ಐತಲ್ರಿ?" ಎಂದರು.

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಚನ್ನಗಿರಿಯಲ್ಲಿ ಪದವಿ ಮುಗಿಸಿ ಮೂರು ವರ್ಷವಾದರೂ ಆ ಹಾಳೆಗಳನ್ನು ಬಿಚ್ಚಿ ನೋಡಿದ ಪುಣ್ಯಾತ್ಮರು ಯಾರೂ ಇರಲಿಲ್ಲ. ಹೊನ್ನಾಳಿಯ ರಕ್ತ ಪರೀಕ್ಷೆಯ ಲ್ಯಾಬಿನವರು ಇದಲ್ಲ, ಬೇರೆ ಡಿಪ್ಲೊಮಾ ಬೇಕು ಎಂದರು. ಜಗಳೂರಿನ ಒಂದು ಶಾಲೆಯವರು ವಿಜ್ಞಾನ ಕಲಿಸಲು ಕರೆದು, ಹೋದ ಮೇಲೆ ಹಿಂದಿಯನ್ನೂ ಡ್ಯಾನ್ಸನ್ನೂ ಕಲಿಸು ಎಂದರು. ಔಷಧಿ ಕಂಪನಿಯವನು ಬೈಕ್ ಓಡಿಸ್ತೀರಾ ಎಂದು ಕೇಳಿದ. ಓಡಿಸ್ತೀನಿ ಎಂದೆ. ಆದರೂ ಹೆಣ್ಣುಮಕ್ಕಳು ಬೇಡ ಎಂದ. ಮನೆಗೆ ಬರುವ ನೆಂಟರಿಗೆ ಮಾತ್ರ ನಾನು ಅರ್ಧ ಡಾಕ್ಟರು. ಎಲ್ಲರೂ ನೋಯುವ ಮಂಡಿ ತೋರಿಸಿಯೇ ಕಾಫಿ ಕುಡಿಯುತ್ತಿದ್ದರು.

ಹಾಲಸ್ವಾಮಿಯವರು ವಿಷಯ ಬಿಡಿಸಿ ಹೇಳಿದರು. ನ್ಯಾಮತಿಯಲ್ಲಿ ಅವರದು ಗೊಬ್ಬರ ಮತ್ತು ಕೀಟನಾಶಕದ ಅಂಗಡಿ. "ಲೈಸೆನ್ಸಿಗೆ ಸೈನ್ಸ್ ಓದಿದೋರು ಬೇಕು ಅಂತ ರೂಲ್ಸ್ ಐತೆ. ನಮ್ ಕಲ್ಲೇಶಂದು ಪಿಯುಸಿ ಆರ್ಟ್ಸು. ಇಷ್ಟು ದಿನ ಒಬ್ಬ ಹುಡುಗನ ಸರ್ಟಿಫಿಕೇಟ್ ಗೋಡೆಗೆ ಹಾಕ್ಕೊಂಡಿದ್ವಿ. ಅವನಿಗೆ ಸರ್ಕಾರಿ ಕೆಲಸ ಸಿಕ್ತು, ಬಿಚ್ಕೊಂಡು ಹೋದ. ಯುಗಾದಿ ಒಳಗೆ ಇನ್ನೊಂದು ತೋರಿಸ್ಬೇಕು."

"ಹಂಗಾದ್ರೆ ನಾನು ಸಂಬಳಕ್ಕೇ ಬರ್ತೀನ್ರಿ. ಮದುವೆ ಯಾಕೆ?" ಎಂದೆ. ಅಪ್ಪ ಕೆಮ್ಮಿದರು.

ಹಾಲಸ್ವಾಮಿಯವರಿಗೆ ಬೇಜಾರೇನೂ ಆಗಲಿಲ್ಲ. "ಸಂಬಳಕ್ಕೆ ಬಂದೋರು ಬಿಟ್ಟು ಹೋಗ್ತಾರವ್ವ. ಸೊಸೆ ಎಲ್ಲಿಗೆ ಹೋಗ್ತಾಳೆ?"

ವರದಕ್ಷಿಣೆ ಬೇಡವೆಂದೂ ಅವರೇ ಹೇಳಿದರು. ಅಷ್ಟು ಕೇಳಿದ್ದೇ ಅಪ್ಪ ಕಲ್ಯಾಣ ಮಂಟಪ ಯಾವ ತಿಂಗಳು ಖಾಲಿ ಇರುತ್ತದೆ ಎನ್ನುವ ಮಾತು ತೆಗೆದರು. ಕೂಸು ಹುಟ್ಟುವ ಮುಂಚೆ ಕುಲಾವಿ.

ಹುಡುಗ ಹುಡುಗಿ ಎರಡು ಮಾತಾಡಲಿ ಎಂದು ನಮ್ಮನ್ನು ಮಹಡಿಗೆ ಕಳಿಸಿದರು. ಕಲ್ಲೇಶ ಒಳ್ಳೆಯವನೇ. "ಶಿವಲೀಲಾ ಅವರೇ, ನಿಮ್ಮ ಹತ್ರ ಸುಳ್ಳು ಹೇಳಾಕೆ ಮನಸ್ಸಿಲ್ಲ," ಎಂದ. "ರೈತ್ರು ಎಲೆ ತಂದು ತೋರಿಸ್ತಾರೆ. ನಂಗೆ ರೋಗ ಗೊತ್ತಾಗಲ್ಲ. ಕಂಪನಿಯೋರು ಯಾವ ಡಬ್ಬ ಜಾಸ್ತಿ ಮಾರಿದ್ರೆ ಟೂರ್ ಕಳಿಸ್ತಾರೋ ಅದನ್ನ ಕೊಡ್ತೀನಿ. ಹೋದ ವರ್ಷ ಹಂಗೇ ಗೋವಾಕ್ಕೆ ಹೋಗಿ ಬಂದೆ."

ಆ ಪ್ರಾಮಾಣಿಕತೆಗೆ ನಾನು ಅರ್ಧ ಸೋತೆ. ಅಂಗಡಿಯ ಕೌಂಟರ್ ಹಿಂದೆ ಕೂತು ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿರುವ ನನ್ನನ್ನೇ ಮನಸ್ಸಿನಲ್ಲಿ ಕಂಡೆ. "ಇನ್ಮೇಲೆ ನಾನು ನೋಡಿ ಹೇಳ್ತೀನಿ ಬಿಡ್ರಿ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. "ನೀವ್ಯಾಕೆ ಅಂಗಡಿಗೆ ಬರ್ತೀರಿ? ಸರ್ಟಿಫಿಕೇಟ್ ಬಂದ್ರೆ ಸಾಕು."

ಕೆಳಗೆ ಬಂದವಳೇ, "ಸರ್ಟಿಫಿಕೇಟ್ ಎಲ್ಲಿರುತ್ತೋ ನಾನೂ ಅಲ್ಲೇ ಕೂರ್ತೀನಿ. ಒಪ್ಪಿಗೆ ಇದ್ರೆ ಮುಂದಿನ ಮಾತು," ಎಂದುಬಿಟ್ಟೆ. ಹಾಲಸ್ವಾಮಿಯವರು ಕನ್ನಡಕ ತೆಗೆದು ಡಬ್ಬಿಗೆ ಹಾಕಿದರು. "ಮನೇಲಿ ರೊಟ್ಟಿ ಬಡಿಯೋರೂ ಬೇಕಲ್ಲವ್ವ," ಎಂದು ಮೆತ್ತಗೆ ಹೇಳಿ ಎದ್ದರು.

ಹದಿನೈದೇ ದಿನಕ್ಕೆ ಸಾಸ್ವೆಹಳ್ಳಿಯ ಒಬ್ಬ ಬಿ.ಎಸ್ಸಿ. ಹುಡುಗಿಯೊಂದಿಗೆ ಕಲ್ಲೇಶನ ಮದುವೆ ನಿಶ್ಚಯವಾಯಿತು. ಯುಗಾದಿಗೆ ಮುಂಚೆಯೇ ತಾಳಿ ಬಿತ್ತು, ಸರ್ಟಿಫಿಕೇಟ್ ಗೋಡೆ ಏರಿತು. ಅಪ್ಪ ನನ್ನ ಜೊತೆ ಮಾತು ಬಿಟ್ಟರು. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಯಾರು ನಂಬುತ್ತಾರೆ? ಅವಳಿಗೆ ಸಿಕ್ಕ ಗಂಡನ ಮೇಲಲ್ಲ, ಆ ಗೋಡೆಯ ಮೇಲೆ.

ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಕಲ್ಲೇಶ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಹಳದಿಗೆ ತಿರುಗಿದ ಅಡಿಕೆ ಗರಿ.

"ನಿಮ್ಮ ಮನೆಯವರನ್ನ ಕೇಳಬೇಕಿತ್ತು," ಎಂದೆ.

"ಕೇಳಿದೆ. ಒಲೆ ಮುಂದೆ ನಿಂತು ನಿಂತು ಎಲ್ಲ ಮರ್ತೋಯ್ತು ಅಂತಾಳೆ." ತಲೆ ತಗ್ಗಿಸಿದ. "ನಮ್ಮ ಖಾಯಂ ಗಿರಾಕಿದು ತೋಟ. ಮೂರು ಸಲ ಔಷಧಿ ಕೊಟ್ಟೆ, ಹಳದಿ ಹೋಗ್ಲಿಲ್ಲ. ನೀವಾದ್ರೆ ಹೇಳ್ತೀರಿ ಅಂತ ಬಂದೆ."

ಬೈದು ಕಳಿಸಬೇಕಿತ್ತು. ಆದರೆ ನಾನು ಓದಿದ್ದನ್ನು ನನ್ನಿಂದಲೇ ಕೇಳಲು ನ್ಯಾಮತಿಯಿಂದ ಬಸ್ ಹಿಡಿದು ಒಬ್ಬ ಬಂದಿದ್ದ. ಗರಿಯನ್ನು ಕೈಯಲ್ಲಿ ಹಿಡಿದಾಗ ಕಣ್ಣು ತುಂಬಿ ಬಂತು, ನಾಚಿಕೆಯಿಲ್ಲದೆ.

"ಗದ್ದೆ ಒಡೆದು ಮಾಡಿದ ತೋಟನಾ?"

"ಹೌದ್ರಿ."

"ಮೇಲಿನ ಗದ್ದೆ ನೀರು ಇಳಿದು ಬಂದು ನಿಲ್ಲುತ್ತಾ?"

"ಕಾಲು ಹೂತು ಹೋಗುತ್ತೆ."

ಒಂದೊಂದಾಗಿ ಬಿಡಿಸಿ ಹೇಳಿದೆ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಬೇರು ಕೊಳೆತರೆ ಗರಿ ಹಳದಿಯಾಗುತ್ತದೆ, ಎರಡು ಸಾಲಿನ ನಡುವೆ ಬಸಿಗಾಲುವೆ ತೆಗೆಸಿದರೆ ಹೊಸ ಬೇರು ಬರುತ್ತದೆ. "ಇದಕ್ಕೆ ಯಾವ ಔಷಧಿನೂ ಬೇಕಾಗಿಲ್ಲ," ಎಂದೆ. ಅಷ್ಟು ಹೆಮ್ಮೆಯಿಂದ ನಾನು ಯಾವ ವಾಕ್ಯವನ್ನೂ ಹೇಳಿರಲಿಲ್ಲ.

ಕಲ್ಲೇಶ ಎಲ್ಲವನ್ನೂ ಗಮನವಿಟ್ಟು ಕೇಳಿದ. ಗರಿಯನ್ನು ಮತ್ತೆ ಪೇಪರಿನಲ್ಲಿ ಸುತ್ತಿದ.

"ನೀವು ಹೇಳಿದ್ದು ಸರಿ ಇರ್ಬೇಕು," ಎಂದ. "ಆದ್ರೆ ನಾಳೆ ಆ ತೋಟದೋರು ಅಂಗಡಿಗೆ ಬರ್ತಾರಲ್ರಿ, ಏನು ಮಾರಲಿ?"