ಹೊಸ ಎಂಜಿನ್ ಬರುವ ತನಕ

ನಂದೂರಿನ ದಾಲ್ ಮಿಲ್ಲುಗಳಲ್ಲಿ ಗುರುಲಿಂಗಪ್ಪನಷ್ಟು ಕಾಯಬಲ್ಲವರು ಇನ್ನೊಬ್ಬರಿರಲಿಲ್ಲ. ದರ ಏರಿತೆಂದು ಉಳಿದವರು ಓಡಾಡುವಾಗ ಅವನು ಗೋದಾಮಿನ ಬೀಗ ತೆಗೆಯುತ್ತಿರಲಿಲ್ಲ. ಹೊಸ ಮಾಲು ಬರುವ ಸುಳಿವಿದ್ದರೆ ಹಳೆಯದನ್ನು ಮುಟ್ಟುತ್ತಿರಲಿಲ್ಲ. ಹಾಗೆ ಕಾದೇ ಮಿಲ್ಲು ಕಟ್ಟಿದ್ದ, ಸೇಡಂ ರಸ್ತೆಯಲ್ಲಿ ಮನೆ ಕಟ್ಟಿದ್ದ. ಆದರೆ ತೊಗರಿಗೆ ಒಪ್ಪುವ ಬುದ್ಧಿ ಎಲ್ಲದಕ್ಕೂ ಒಪ್ಪುವುದಿಲ್ಲ.

ಆ ವರ್ಷ ಅವನು ದೊಡ್ಡ ಗಾಡಿ ಕೊಳ್ಳಲು ಹೊರಟದ್ದು ಅಕ್ಕನಿಗಾಗಿ. ಕಸ್ತೂರಿಬಾಯಿ ಕಮಲಾಪುರದಲ್ಲಿ ಮಗನ ಮನೆಯಲ್ಲಿದ್ದಳು. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು, ಗಂಡ ಸತ್ತ ಮೇಲೂ ಮಹಾಗಾಂವದ ಆಚೆಗಿದ್ದ ಹೊಲವನ್ನು ತಾನೇ ನಿಂತು ಮಾಡಿಸಿದವಳು. ಹಿಂದೊಮ್ಮೆ ಎತ್ತಿನ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಡಾಕ್ಟರು ರಾಡು ಹಾಕಿ, ಕುಲುಕಾಟದ ಸವಾರಿ ಬೇಡವೇ ಬೇಡ ಅಂದಿದ್ದರು. ಅಂದಿನಿಂದ ಅವಳು ಹೊಲ ಕಂಡಿರಲಿಲ್ಲ.

ಈಗ ಅಲ್ಲಿ ಹಳ್ಳಕ್ಕೆ ಒಡ್ಡು ಕಟ್ಟುತ್ತಿದ್ದರು. ಮುಂದಿನ ಮಳೆಗಾಲಕ್ಕೆ ಹೊಲ ನೀರಿನಡಿ ಹೋಗುವುದಿತ್ತು. ಬುತ್ತಿ ಒಯ್ದು ಪೈರಿಗೆ ಎಡೆ ಚೆಲ್ಲುವ ಎಳ್ಳಮಾಸಿ ಹಬ್ಬ ಆ ಹೊಲಕ್ಕೆ ಇದೇ ಕಡೆಯದು.

"ಎಲ್ಲಾರೂ ಬುತ್ತಿ ಕಟ್ಕೊಂಡು ತಮ್ಮ ತಮ್ಮ ಹೊಲಕ್ಕ ಹೋಗ್ತಾರ. ನಾ ಒಬ್ಬಾಕಿ ಮನ್ಯಾಗ ಕುಂತು ಭಜ್ಜಿ ತಿನ್ನಬೇಕೇನು? ಒಂದ್ ಸಲ ಪೈರಿಗೆ ಚರಗ ಚೆಲ್ಲಿ ಬರ್ತೇನಿ ತಮ್ಮಾ. ಆಮ್ಯಾಲೆ ಮುಳುಗಿದ್ರ ಮುಳುಗಲಿ," ಅಂದಳು.

"ಕರ್ಕೊಂಡು ಹೋಗ್ತೇನಿ ಅಕ್ಕಾ. ನೀ ಅಂಗಳದಾಗ ಕುಂತಂಗ ಕುಂದ್ರಬೇಕು, ಅಂಥಾ ಗಾಡಿ ತರ್ತೇನಿ."

ಡಾಂಬರು ಬಿಟ್ಟ ಮೇಲೆ ಆ ದಾರಿ ಬರೀ ಎರೆಮಣ್ಣು. ಮಳೆಗಾಲದಲ್ಲಿ ಗಾಲಿಗಳು ಕೊರೆದ ತಗ್ಗು ಮಳೆ ನಿಂತ ಮೇಲೆ ಒಣಗಿ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಶೋರೂಮಿನಲ್ಲಿ ಬಿಳಿಯ ಗಾಡಿಯೊಂದು ನಿಂತಿತ್ತು, ನಾಲ್ಕು ಗಾಲಿಗೂ ಎಳೆತವಿರುವಂಥದು. ಮಿಲ್ಲಿನ ಡ್ರೈವರ್ ನಬಿಸಾಬ್ ಅದನ್ನು ಊರ ಹೊರಗಿನ ತಗ್ಗುದಿಣ್ಣೆಗಳಲ್ಲಿ ಓಡಿಸಿ ನೋಡಿದ.

"ಕಸ್ತೂರಿಬಾಯಾರ ಸಲುವಾಗಿ ಇದ್ರಕಿಂತ ಛಲೋ ಗಾಡಿ ಸಿಗಂಗಿಲ್ಲ ಸಾವ್ಕಾರ್ರೇ. ಇವತ್ತೇ ಮುಂಗಡ ಕೊಟ್ಟುಬಿಡ್ರಿ."

ಮರುದಿನವೇ ಕೊಡುವುದಿತ್ತು. ಅಷ್ಟರಲ್ಲಿ ತೊಗರಿಯ ದಲಾಲ ಹಣಮಂತರಾಯ ಮಿಲ್ಲಿಗೆ ಬಂದ. ಅವನು ಚಹಾ ಕುಡಿಯುವುದಕ್ಕಿಂತ ಮೊದಲು ಸುದ್ದಿ ಇಳಿಸುವವನು.

"ಆ ಗಾಡಿ ತಗೊಳಾಕತ್ತೀರಂತಲ್ರೀ? ಕೈ ಸುಟ್ಕೋತೀರಿ ನೋಡ್ರಿ. ಎಂಜಿನ್ ಬದಲಾಗ್ತದಂತ! ಹೈದರಾಬಾದಿನಾಗ ಎಲ್ಲಾರ ಬಾಯಾಗ ಅದೇ ಮಾತು. ಈಗಿಂದು ಏರಿನಾಗ ಗೊರ ಗೊರ ಅಂತದ. ಹೊಸಾದು ಬೆಣ್ಣಿ ಇದ್ದಂಗಂತ."

"ನೀವು ನೋಡೀರೇನ್ರೀ?" ಅಂದ ನಬಿಸಾಬ್.

"ಮಳಿ ಬಿದ್ದ ಮ್ಯಾಲೆ ಛತ್ರಿ ಹುಡುಕೋ ಮಂದಿ ನೀವು. ನಾವು ಮೋಡ ನೋಡೇ ಹೇಳೋರು!"

ಗುರುಲಿಂಗಪ್ಪ ಶೋರೂಮಿಗೆ ಹೋಗಿ ಕೇಳಿದ. ಅಲ್ಲಿಯವನು, "ನಾವೂ ಕೇಳೀವಿ ಸರ್, ಆದ್ರ ಕಂಪನಿಯವರು ಏನೂ ಹೇಳಿಲ್ಲ," ಅಂದ. ಬೇರೆ ಯಾರಾದರೂ ಆಗಿದ್ದರೆ ಇದು ಗಾಳಿಮಾತು ಎಂದುಕೊಳ್ಳುತ್ತಿದ್ದರು. ಆದರೆ ದೊಡ್ಡ ವ್ಯಾಪಾರಿಗಳು ಬಾಯಿ ಮುಚ್ಚಿಕೊಂಡರೆ ದರ ತಿರುಗುವುದು ಖಚಿತ ಎಂಬುದು ಗುರುಲಿಂಗಪ್ಪ ಜೀವನವಿಡೀ ಕಂಡ ಸತ್ಯ. ಕಂಪನಿ ಸುಮ್ಮನಿದೆಯೆಂದರೆ ಸುದ್ದಿ ನಿಜ. ಅವನು ಕಾಯಲು ಕುಳಿತ.

ದಸರೆಯಲ್ಲಿ ಅದು ಪೆಟ್ರೋಲ್ ಎಂಜಿನ್ ಅಂದರು. ಆಮೇಲೆ, ಅಲ್ಲ, ಡೀಸೆಲ್ಲೇ, ಆದರೆ ಶಕ್ತಿ ಒಂದೂವರೆ ಪಟ್ಟು ಅಂದರು. ಸುದ್ದಿ ಬದಲಾದಷ್ಟೂ ಗುರುಲಿಂಗಪ್ಪನ ನಂಬಿಕೆ ಗಟ್ಟಿಯಾಯಿತು. ದೀಪಾವಳಿಗೆ ಕಮಲಾಪುರಕ್ಕೆ ಹೋದಾಗ ಅಕ್ಕ ಬಾಗಿಲಲ್ಲೇ ಕೇಳಿದಳು.

"ಗಾಡಿ ಎಲ್ಲೋ?"

"ಎಂಜಿನ್ ಬದಲಾಗೋದದ ಅಕ್ಕಾ. ಜರಾ ತಡಿ."

"ನಾ ಏನು ಎಂಜಿನ್ ಮ್ಯಾಲೆ ಕುಂದ್ರತೀನೇನೋ? ಸೀಟ್ ಅದನೋ ಇಲ್ಲೋ, ಅಷ್ಟ್ ಹೇಳು."

ಎಲ್ಲರೂ ನಕ್ಕರು. ಗುರುಲಿಂಗಪ್ಪನೂ ನಕ್ಕ. ತಮ್ಮ ಚಿಕ್ಕ ಕಾರಿನಲ್ಲಿ ಹಿಂದಿರುಗುವಾಗ ನಬಿಸಾಬ್ ಮೆಲ್ಲಗೆ, "ಬಾಯಾರು ಹೇಳಿದ್ದು ಖರೇ ಅದ ರೀ," ಅಂದ. "ನೀ ಗಾಡಿ ಹೊಡಿ," ಎಂದು ಗುರುಲಿಂಗಪ್ಪ ಅವನ ಬಾಯಿ ಮುಚ್ಚಿಸಿದ.

ಎಳ್ಳಮಾಸಿ ಹತ್ತಿರ ಬಂದರೂ ಹೊಸ ಎಂಜಿನ್ನಿನ ಪತ್ತೆಯಿಲ್ಲ. ಕಡೆಗೆ, ಹಳೆಯದೇ ಆಗಲಿ ಎಂದು ಅವನು ಶೋರೂಮಿಗೆ ಹೋದ. ಬಿಳಿಯ ಗಾಡಿ ಅಲ್ಲಿರಲಿಲ್ಲ. ಹುಮನಾಬಾದಿನ ಗುತ್ತಿಗೆದಾರನೊಬ್ಬ ಒಯ್ದಿದ್ದ. ಇನ್ನೊಂದು ಬರುವುದು ಸಂಕ್ರಾಂತಿಯ ಮೇಲೆ.

ಎಳ್ಳಮಾಸಿಯ ದಿನ ನಬಿಸಾಬ್ ಯಾರದೋ ಹಳೆಯ ಜೀಪು ಕೇಳಿ ತಂದ. ಹಿಂದಿನ ಸೀಟಿಗೆ ಎರಡು ಗಾದಿ ಹಾಸಿದರು. ಕಸ್ತೂರಿಬಾಯಿ ಇಳಕಲ್ ಸೀರೆ ಉಟ್ಟು, ಸಜ್ಜಿ ರೊಟ್ಟಿ, ಸೊಪ್ಪು ಕಾಳು ಬೇಯಿಸಿದ ಭಜ್ಜಿ, ಅಂಬಲಿಯ ಗಡಿಗೆ ಎಲ್ಲವನ್ನೂ ಬುಟ್ಟಿಯಲ್ಲಿ ಇರಿಸಿಕೊಂಡು ಹತ್ತಿದಳು. ಡಾಂಬರು ಇರುವವರೆಗೆ ಹೊಲದ ಮಾತೇ ಮಾತು. ಡಾಂಬರು ಬಿಟ್ಟಿದ್ದೇ ಮಾತು ನಿಂತಿತು. ಗುರುಲಿಂಗಪ್ಪ ತಿರುಗಿ ನೋಡಿದರೆ ಅವಳು ಸೆರಗನ್ನು ಕಚ್ಚಿ ಹಿಡಿದಿದ್ದಳು, ಹಣೆಯೆಲ್ಲ ಬೆವರು.

"ನಬಿ, ನಿಂದ್ರಸು."

"ಏ, ಹೋಗ್ಲಿ ಬಿಡೋ. ತಡಕೋತೇನಿ."

ಮುಂದಿನ ತಗ್ಗಿನಲ್ಲಿ ಅವಳು ಕಿರುಚಿದಳು. ಆಮೇಲೆ ತಾನಾಗಿಯೇ, "ತಿರುಗಿಸ್ರಪ್ಪಾ," ಅಂದಳು.

ಪಕ್ಕದ ಹೊಲದ ಪುತಳಾಬಾಯಿ ಮನೆಯವರೊಡನೆ ಅದೇ ದಾರಿಯಲ್ಲಿ ನಡೆದು ಬರುತ್ತಿದ್ದಳು. ಕಸ್ತೂರಿಬಾಯಿ ಬುಟ್ಟಿಯನ್ನು ಅವಳ ತಲೆಯ ಮೇಲೆ ಇಡಿಸಿದಳು. "ನಮ್ಮ ಹೊಲ ದಾಟೇ ಹೋಗ್ತೀರಲ್ಲ. ನಾಕೂ ಬದಿಗೆ ನಮ್ಮ ಹೆಸರಿಲೆ ಚೆಲ್ಲವ್ವಾ. ತೊಗರಿ ಹೆಂಗ ಅದ ನೋಡ್ಕೊಂಡ್ ಬಾ," ಅಂದಳು. ಗುರುಲಿಂಗಪ್ಪ ಜೀಪಿನ ಇನ್ನೊಂದು ಮಗ್ಗುಲಿಗೆ ಹೋಗಿ ನಿಂತ.

ಸಂಕ್ರಾಂತಿಯ ಮೇಲೆ ಗಾಡಿ ಬಂದಾಗ ಹಬ್ಬ ಮುಗಿದು ಪೈರು ಕೊಯ್ದಾಗಿತ್ತು; ಇನ್ನೇನು ಅವಸರವೆಂದು ಅವನು ಮತ್ತೆ ಹೊಸ ಎಂಜಿನ್ನಿಗೇ ಕಾದ. ಆ ಮಳೆಗಾಲದಲ್ಲಿ ನೀರು ತುಂಬಿತು. ಮಳೆ ನಿಂತ ಮೇಲೆ ಅವನು ಗಾಡಿ ಕೊಂಡ. ನಬಿಸಾಬ್ ಬಾನೆಟ್ ಎತ್ತಿ ನೋಡಿ ಇಳಿಸಿದ. ಎಂಜಿನ್ ಅದೇ ಆಗಿತ್ತು. ಹಣಮಂತರಾಯನನ್ನು ಕೇಳಿದರೆ, "ಸುದ್ದಿ ಸುದ್ದೀನೇ ರೀ. ತೊಗರಿ ಸುದ್ದಿ ಎಲ್ಲ ಖರೇ ಆಗ್ಯಾವೇನು?" ಎಂದು ಚಹಾ ಕುಡಿದು ಹೋದ.

ಮುಂದಿನ ಎಳ್ಳಮಾಸಿಗೆ ಗುರುಲಿಂಗಪ್ಪ ಅಕ್ಕನನ್ನು ಕೂರಿಸಿಕೊಂಡು ತಾನೇ ಗಾಡಿ ಹೊಡೆದ. ಅದೇ ದಾರಿ, ಅದೇ ತಗ್ಗು. ಗಾಡಿ ದೋಣಿಯಂತೆ ತೂಗುತ್ತ ಸಾಗಿತು. ದಾರಿ ನೀರಿನೊಳಗೆ ಇಳಿಯುವಲ್ಲಿ ನಿಲ್ಲಿಸಿ, ಇಳಿದು ಅವಳ ಬಾಗಿಲು ತೆಗೆದ.

"ಇಳೀತೀಯೇನು ಅಕ್ಕಾ?"

"ಇಳಿದು ಏನ್ ನೋಡ್ಲಿ? ನೀರು ನೋಡಾಕ ಕಮಲಾಪುರದಾಗ ಬಾವಿ ಇಲ್ಲೇನು?"

ಅವನು ಬಾಗಿಲು ಹಿಡಿದು ನಿಂತೇ ಇದ್ದ. ಅವಳಿಗೇ ತಮ್ಮನ ಮೇಲೆ ಕನಿಕರ ಬಂದಿರಬೇಕು. "ನಮ್ಮ ಬದು ಎಲ್ಲಿತ್ತು, ತೋರಿಸು ನೋಡೋಣು," ಅಂದಳು.

ಅವನು ಕೈ ಮಾಡಿದ.

"ಅಲ್ಲಲ್ಲ. ಇನ್ನೂ ಬಲಕ್ಕ. ಹಾಂ, ಅಲ್ಲಿ."

ಅಲ್ಲಿಯೂ ನೀರೇ ಇತ್ತು. ಅವಳು ಸೀಟಿಗೆ ಒರಗಿಕೊಂಡಳು.

"ಗಾಡಿ ಖರೇನೇ ಛಲೋ ಅದ ತಮ್ಮಾ. ಹೊಟ್ಯಾಗಿನ ನೀರ್ ಸೈತ ಅಲುಗಲಿಲ್ಲ ನೋಡು."

ಅವಳು ಬೈದಿದ್ದರೆ ಅವನು ತಲೆ ತಗ್ಗಿಸಿ ಬೈಸಿಕೊಂಡು ಹಗುರಾಗುತ್ತಿದ್ದ. ಈಗ ಬಾಗಿಲನ್ನು ಸದ್ದಾಗದಂತೆ ಹಾಕಿ, ಗಾಡಿ ತಿರುಗಿಸಲು ಜಾಗ ಹುಡುಕತೊಡಗಿದ.