ಒಂದು ಕಮ್ಮಿ

"ಇಂಥ ಮಗೂನ ಊರ ಸ್ಕೂಲಲ್ಲೇ ಇಟ್ಕೊಂಡಿದ್ದೀರಲ್ಲ, ಪಾಪ ಅನ್ಸಲ್ವಾಮ್ಮಾ?" ಅಂದ ಪಂಚಾಕ್ಷರಿ. ಜಾಣ ಮಕ್ಕಳನ್ನೇ ಹುಡುಕಿಕೊಂಡು ಬರುವ ಯಾವುದೋ ಹಾಸ್ಟೆಲ್ ಶಾಲೆಯವನು. ಅವನ ನಗು ಬಂದಾಗಿನಿಂದ ಒಂದೇ ಅಳತೆಯಲ್ಲಿತ್ತು.

ವೆಂಕಟಮ್ಮ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಎಂಟು ವರ್ಷದ ಕೃಪಾ ಅಜ್ಜಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ನಾನೂ ಜಾಣೆನೇ ಕಣಪ್ಪ. ನಮ್ ಮೇಷ್ಟ್ರು ಎರಡನೇ ಕ್ಲಾಸಿಂದ ಎತ್ತಿ ನಾಕನೇ ಕ್ಲಾಸಲ್ಲಿ ಕೂರ್ಸಿದ್ರು. ಮಿಕ್ಕೋರಿಗೆ ಮಗ್ಗಿ ಏಳ್ಕೊಡು ಅಂದ್ರು. ಸಂಜೆ ಮನೇಗ್ ಬಂದು ಎಮ್ಮೆ ಕಟ್ತಿದ್ದೆ. ಅಷ್ಟೇಯ."

"ಆ ಕಾಲ ಹೋಯ್ತು. ಈಗ ಜಾಣರು ಜಾಣರ ಜೊತೇನೇ ಇರ್ಬೇಕು. ಹದಿನೇಳು ತುಂಬೋವರ್ಗೂ."

"ಅಬ್ಬಕ್ಕೆ ಕಳ್ಸಲ್ವಾ?"

"ಗಮನ ಕೆಡುತ್ತಮ್ಮಾ."

ಹೋದ ವರ್ಷ ಪಕ್ಕದ ಬೀದಿಯ ಲಿಖಿತ್‌ನನ್ನೂ ಇವನೇ ಕರೆದೊಯ್ದಿದ್ದ. ನೋಡಲು ಹೋದ ಹೆತ್ತಮ್ಮನನ್ನು ಹುಡುಗ 'ಮೇಡಂ' ಅಂದನಂತೆ. ಸರ್ಜಾಪುರವೆಲ್ಲ ಅದನ್ನು ಮಾತಾಡಿಕೊಂಡಿತ್ತು. ಆದರೆ ವೆಂಕಟಮ್ಮನ ಮಗ ಭಾನುಪ್ರಕಾಶನ ಕಿವಿಗೆ ಅದು ಬೀಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಸರ್ಕಾರಿ ಹಾಸ್ಟೆಲ್ ಶಾಲೆಯ ಪರೀಕ್ಷೆ ಅವನಿಗೆ ಎರಡೇ ಮಾರ್ಕಿನಲ್ಲಿ ತಪ್ಪಿತ್ತು. ಆ ಎರಡು ಮಾರ್ಕು ಎದ್ದು ಹೋಗದ ನೆಂಟನ ಹಾಗೆ ಇವತ್ತಿಗೂ ಮನೆಯಲ್ಲಿ ಕೂತಿತ್ತು. ಅದಕ್ಕೇ ಮಗಳನ್ನು ಅಬ್ಯಾಕಸ್ ಕ್ಲಾಸಿಗೆ ಹಾಕಿದ್ದ. ಅಲ್ಲಿಂದೀಚೆಗೆ ಮಗು ಊಟಕ್ಕೆ ಕೂತಾಗಲೂ ಗಾಳಿಯಲ್ಲಿ ಮಣಿ ಸರಿಸುತ್ತಿತ್ತು. ಮಾತು ಅರ್ಧಕ್ಕರ್ಧ ನಿಂತೇಹೋಗಿತ್ತು.

ಬೆಳಗ್ಗೆ ಜಡೆ ಹಾಕುವಾಗ ವೆಂಕಟಮ್ಮ ಗುಟ್ಟಾಗಿ ಹೇಳಿಕೊಟ್ಟಿದ್ದಳು: "ಆವಯ್ಯ ಲೆಕ್ಕ ಕೇಳಿದ್ರೆ ಬಂದ ಉತ್ತರಕ್ಕೆ ಒಂದು ಕಮ್ಮಿ ಏಳ್ಬುಡು ಚಿನ್ನ. ನನ್ ತಾವೇ ಇರ್ಬೋದು."

"ನಲವತ್ತೆಂಟು ಮೂವತ್ತೇಳಲಿ?" ಪಂಚಾಕ್ಷರಿ ಕೇಳಿದ.

ಕೃಪಾಳ ಬೆರಳು ಆಡಿದವು. "ಸಾವಿರದ ಏಳ್ನೂರ ಎಪ್ಪತ್ತೈದು."

ಭಾನುಪ್ರಕಾಶನ ಮುಖ ಬಾಡಿತು.

"ತೊಂಬತ್ಮೂರು ಅರವತ್ನಾಲ್ಕಲಿ?"

"ಐದು ಸಾವಿರದ ಒಂಬೈನೂರ ಐವತ್ತೊಂದು."

ಮೂರನೆಯದೂ ತಪ್ಪು. ವೆಂಕಟಮ್ಮನ ಎದೆ ಹಗುರಾಯಿತು. "ಕಾಫಿ ಕುಡ್ಕಂಡ್ ಒರಡಪ್ಪ, ಬಿಸ್ಲು ಏರ್ತದೆ" ಅಂದಳು.

ಪಂಚಾಕ್ಷರಿ ಏಳಲಿಲ್ಲ. ಫೈಲು ಬಿಚ್ಚಿದ.

"ಸರಿ ಹೇಳೋ ಮಕ್ಕಳು ಬೇಕಾದಷ್ಟು ಸಿಗ್ತಾರಮ್ಮಾ. ಸರಿ ಉತ್ತರ ಮನಸಲ್ಲಿಟ್ಕೊಂಡು, ಮೂರು ಸಲಾನೂ ಒಂದೇ ಒಂದು ಕಮ್ಮಿ ಹೇಳೋ ಮಗು ಇವಳೇ ಮೊದಲು. ಯಾರು ಪುಟ್ಟಾ ಹೇಳ್ಕೊಟ್ಟಿದ್ದು?"

"ಅಜ್ಜಿ" ಅಂದಳು ಕೃಪಾ, ಹೆಮ್ಮೆಯಿಂದ.

ಭಾನುಪ್ರಕಾಶ್ ಅಮ್ಮನ ಕಡೆ ನೋಡದೆ ಸಹಿ ಹಾಕಿದ. ಪಂಚಾಕ್ಷರಿ ಜೇಬಿನಿಂದ ನಂಬರಿನ ಬಿಲ್ಲೆ ತೆಗೆದು ಹುಡುಗಿಯ ಫ್ರಾಕಿಗೆ ಪಿನ್ನು ಹಾಕತೊಡಗಿದ. ಬಿಲ್ಲೆ ನೆಟ್ಟಗೆ ಕೂರಲಿ ಅಂತ ಕೃಪಾ ಸೆರಗು ಬಿಟ್ಟು ನಿಂತಳು.