ಹತ್ತಿರ ಅಂದರೆ ಎಷ್ಟು ಹತ್ತಿರ?

ಆ ಮುದ್ರಣಾಲಯದಲ್ಲಿ ಕರಡಕ್ಕನ ಕಣ್ಣು ತಪ್ಪಿಸಿ ಗೋಡೆ ಏರಿದ ಕಾಗದ ಅದೊಂದೇ. ಶಾಲೆಯ ಪಠ್ಯವಿರಲಿ, ಸಾಬೂನಿನ ಹೊದಿಕೆಯಿರಲಿ, ಅಚ್ಚಿಗೆ ಹೋಗುವ ಮುನ್ನ ಕರಡು ತಿದ್ದುವ ಅವಳ ಮೇಜಿಗೆ ಬಂದೇ ಹೋಗಬೇಕು. ಅದಕ್ಕೇ ಅವಳು ಎಲ್ಲರಿಗೂ ಕರಡಕ್ಕ. ಅವಳ ಕೆಂಪು ಪೆನ್ನಿನ ಪೆಟ್ಟು ತಿಂದವರು ಬೆನ್ನ ಹಿಂದೆ ‘ಕರಡಿ ಅಕ್ಕ’ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಯಜಮಾನರು ಗಾಬರಿಯಲ್ಲಿ ತಾವೇ ಟೈಪು ಮಾಡಿ ಅಂಟಿಸಿದ್ದ ಆ ಕಾಗದದಲ್ಲಿ ಹೀಗಿತ್ತು: ‘ನಮ್ಮ ನೌಕರರೊಬ್ಬರಿಗೆ ಕ್ಷಯರೋಗವಿರುವುದು ಪತ್ತೆಯಾಗಿದೆ. ಅವರ ಹತ್ತಿರದವರು ಕೂಡಲೇ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.’ ಕೆಳಗೊಂದು ಫೋನ್ ನಂಬರು. ಆ ಒಬ್ಬರು ಯಾರೆಂದು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹತ್ತು ದಿನಗಳಿಂದ ಕಂಠಣ್ಣನ ಕುರ್ಚಿ ಖಾಲಿ ಬಿದ್ದಿತ್ತು.

ಕಂಠಣ್ಣನದು ಕಂಚಿನ ಕಂಠ. ಮೂಲ ಪ್ರತಿಯನ್ನು ಅಲ್ಪವಿರಾಮವನ್ನೂ ಬಿಡದೆ ಗಟ್ಟಿಯಾಗಿ ಓದುವುದು ಅವನ ಕೆಲಸ. ಎದುರು ಕುಳಿತು ಅಚ್ಚಾದ ಕರಡಿನ ಮೇಲೆ ಬೆರಳಾಡಿಸುತ್ತ ತಪ್ಪು ಹಿಡಿಯುವುದು ಕರಡಕ್ಕನ ಕೆಲಸ. ಯಂತ್ರದ ಗದ್ದಲ ಕೇಳದಿರಲೆಂದು ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು, ಹಾಳೆ ಹಾರದಿರಲೆಂದು ಕಿಟಕಿಯೂ. ನಡುವೆ ಮೊಳದಷ್ಟಗಲದ ಮೇಜು. ಹೀಗೆ ಹನ್ನೊಂದು ವರ್ಷ.

ಕಾಗದದ ಮುಂದೆ ಗುಂಪು ಕೂಡಿತು. ಯಂತ್ರ ಓಡಿಸುವವನು ಎದೆಯುಬ್ಬಿಸಿ, “ನನ್ನ ಹೆಂಡತಿಗೆ ಅವರು ದೂರದ ಚಿಕ್ಕಪ್ಪ ಆಗ್ಬೇಕು. ಇಲ್ಲಿ ಹತ್ತಿರದವನು ಅಂದ್ರೆ ನಾನೇ,” ಎಂದ.

“ನಾನಂತೂ ಅವರ ಹತ್ರ ಮಾತು ಬಿಟ್ಟು ಎರಡು ವರ್ಷ ಆಯ್ತಪ್ಪ. ನಾನ್ಯಾವ ಹತ್ತಿರದವನು?” ಎಂದ ಪುಸ್ತಕ ಹೊಲಿಯುವವನು.

ಯಾರೂ ಕರಡಕ್ಕನ ಕಡೆ ನೋಡಲಿಲ್ಲ. ಅವಳೂ ಲೆಕ್ಕ ಹಾಕಿದಳು. ನೆಂಟಸ್ತಿಕೆಯಿಲ್ಲ. ಅವನ ಮನೆಯ ಹೊಸ್ತಿಲು ತುಳಿದವಳಲ್ಲ. ಹನ್ನೊಂದು ವರ್ಷದಲ್ಲಿ ಒತ್ತಕ್ಷರ, ದೀರ್ಘ ಬಿಟ್ಟು ಬೇರೆ ಮಾತಾಡಿದ್ದೇ ಅಪರೂಪ. ಹಾಗಾದರೆ ತಾನು ಹತ್ತಿರದವಳಲ್ಲ. ಹಾಗೆಂದುಕೊಂಡಾಗ ಯಾಕೋ ಚುರುಕ್ಕೆಂದಿತು. ಸಂಜೆ ಮನೆಗೆ ಹೋಗಿ, ಮಗಳ ಏಳು ತಿಂಗಳ ಕೂಸನ್ನು ಎತ್ತಿಕೊಂಡು ಎಲ್ಲ ಮರೆತಳು. ನಡುನಡುವೆ ಕೆಮ್ಮು ಬರುತ್ತಿತ್ತು. ಮೂರು ವಾರದಿಂದ ಇದ್ದದ್ದೇ, ಕಾಗದದ ಧೂಳು.

ಮೂರನೆಯ ದಿನ ಯಂತ್ರದವನು ಆರೋಗ್ಯ ಕೇಂದ್ರದಿಂದ ಸುದ್ದಿ ಹೊತ್ತು ಬಂದ. “ಕಂಠಣ್ಣನ ತಮ್ಮನೂ ಬಂದಿದ್ದ ಕಣಕ್ಕ. ಅಣ್ಣನ ಮುಖ ನೋಡಿ ಎರಡು ವರ್ಷ ಆಯ್ತಂತೆ. ಆದ್ರೂ ಹತ್ತಿರದವರ ಪಟ್ಟೀಲಿ ಅವನ ಹೆಸರಿತ್ತು. ನಂದೇ ಇರ್ಲಿಲ್ಲ ನೋಡು!”

ಕರಡಕ್ಕನ ತಲೆಗೆ ಹುಳ ಹೊಕ್ಕಿತು. ಎರಡು ವರ್ಷ ಮುಖ ನೋಡದ ತಮ್ಮನಿಗೆ ಅಣ್ಣನ ಕೆಮ್ಮು ಅಂಚೆಯಲ್ಲಿ ಹೋಯಿತೇ? ಪದವೊಂದು ಎಲ್ಲೋ ಅಡ್ಡದಾರಿ ಹಿಡಿದಿದೆ. ಅಂಥದ್ದನ್ನು ಕಂಡರೆ ಅವಳಿಗೆ ಊಟ ಸೇರುವುದಿಲ್ಲ. ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದಳು.

“ಒಂದು ಅನುಮಾನ ನರ್ಸಮ್ಮ. ಹತ್ತಿರದವರು ಅಂತ ಹಾಕಿದ್ದಾರಲ್ಲ, ಹತ್ತಿರ ಅಂದ್ರೆ ಎಷ್ಟು ಹತ್ತಿರ?”

“ಸಂಬಂಧ ಅಲ್ಲಮ್ಮ, ಜಾಗ. ಗಾಳಿಯಾಡದ ಕೋಣೇಲಿ ಜೊತೆಗೆ ತುಂಬ ಹೊತ್ತು ಇದ್ದೋರು. ನೀವು ಅವರ ಜೊತೆ ಎಷ್ಟು ಹೊತ್ತು ಇರ್ತಿದ್ರಿ?”

“ದಿನಾ ಏಳು ಗಂಟೆ. ಅವರು ಓದ್ತಿದ್ರು, ನಾನು ಎದುರಿಗೆ.”

“ಕಿಟಕಿ?”

“ತೆಗೆಯೋಲ್ಲ, ಹಾಳೆ ಹಾರುತ್ತೆ.”

ಆ ಕಡೆಯಿಂದ ಹಾಳೆ ಮಗುಚುವ ಸಪ್ಪಳ ಬಂತು. “ನಿಮ್ಮ ಹೆಸರು ಪಟ್ಟೀಲೇ ಇಲ್ವಲ್ಲಮ್ಮಾ! ಕೆಮ್ಮೇನಾದ್ರೂ ಇದೆಯಾ? ಮನೇಲಿ ಸಣ್ಣ ಮಕ್ಕಳು?”

ಕರಡಕ್ಕ ಎರಡಕ್ಕೂ ಹೌದು ಎಂದಳು.

“ಈಗಲೇ ಬನ್ನಿ. ಬರೋವಾಗ ಮೂಗು ಬಾಯಿ ಮುಚ್ಕೊಳ್ಳಿ. ಫಲಿತಾಂಶ ಗೊತ್ತಾಗೋವರೆಗೂ ಮಗೂನ ಎತ್ಕೋಬೇಡಿ. ಹೆದರ್ಬೇಡಿ, ಕ್ಷಯ ಆಗಿದ್ರೂ ವಾಸಿಯಾಗೋ ಕಾಯಿಲೆ.”

ಹೊರಡುವ ಮುನ್ನ ಅವಳು ಕೆಂಪು ಪೆನ್ನಿನಿಂದ ಗೋಡೆಯ ಕಾಗದದ ‘ಹತ್ತಿರದವರು’ ಹೊಡೆದು, ‘ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಜೊತೆಗಿದ್ದವರು’ ಎಂದು ಬರೆದಳು. ಯಜಮಾನರು ನೋಡುತ್ತಲೇ ಇದ್ದರು.

ಎಕ್ಸ್‌ರೇ ತೆಗೆದರು, ಕಫ ತೆಗೆದುಕೊಂಡರು. ನಾಳೆ ಮಧ್ಯಾಹ್ನ ಹೇಳುತ್ತೇವೆ ಎಂದರು. ಸಂಜೆ ಅವಳು ಮನೆಯ ಬಾಗಿಲ ಹೊರಗೇ ನಿಂತಳು. ಅಜ್ಜಿಯನ್ನು ಕಂಡದ್ದೇ ಕೂಸು ಮಗಳ ತೋಳಿನಿಂದ ಮುಂದಕ್ಕೆ ಬಾಗಿ ಎರಡೂ ಕೈ ಚಾಚಿತು, ಅಜ್ಜಿ ಕದಲದ್ದು ಕಂಡು ರಚ್ಚೆ ಹಿಡಿಯಿತು. ಕರಡಕ್ಕನಿಗೆ ಕಂಠಣ್ಣನ ಮೇಲೆ ಕೋಪ ಉಕ್ಕಿ ಬಂತು.

ಮರುದಿನ ಫಲಿತಾಂಶ ಬರುವವರೆಗೂ ಕಾಯಲಾರದೆ ಅವನ ಮನೆ ಹುಡುಕಿಕೊಂಡು ಹೋದಳು. ಅವನು ಕಿಟಕಿಯ ಸರಳಿನಾಚೆ ಕುರ್ಚಿಯಲ್ಲಿದ್ದ, ಮುಖಗವಸು ಹಾಕಿಕೊಂಡಿದ್ದ, ಅರ್ಧ ಆಳಾಗಿದ್ದ. ಅವಳು ಅಂಗಳದಲ್ಲೇ ನಿಂತು, ಯೋಗಕ್ಷೇಮವನ್ನೂ ಕೇಳದೆ ತರಾಟೆಗೆ ತೆಗೆದುಕೊಂಡಳು.

“ಎರಡು ವರ್ಷದಿಂದ ನೋಡದ ತಮ್ಮನ ಹೆಸರು ಕೊಟ್ರಿ. ಎದುರಿಗೆ ಕೂತ ನಾನು ನಿಮ್ಮ ಕಣ್ಣಿಗೇ ಬೀಳ್ಲಿಲ್ವಾ ಅಣ್ಣಾ? ಕೆಮ್ಮಿಕೊಂಡು ಆ ಕೂಸನ್ನ ಎತ್ತಾಡಿಸಿದೀನಿ. ಅದಕ್ಕೇನಾದ್ರೂ ಆದ್ರೆ?”

ಅವನು ಮೆಲ್ಲನೆ ಎದ್ದು, ಮೇಜಿನಿಂದ ಒಂದು ಹಾಳೆ ತೆಗೆದು ಸರಳಿನ ಸಂದಿಯಲ್ಲಿ ಇಟ್ಟು ಹಿಂದೆ ಸರಿದ. ಅವಳು ಅದನ್ನು ತೆಗೆದು ನೋಡಿದಳು. ಆರೋಗ್ಯ ಕೇಂದ್ರಕ್ಕೆ ಕೊಟ್ಟ ಪಟ್ಟಿಯ ಕರಡು ಅದು. ಪ್ರೆಸ್ಸಿನವನಲ್ಲವೇ, ಕರಡು ಮಾಡದೆ ಅವನು ಒಂದಕ್ಷರ ಬರೆಯುವವನಲ್ಲ. ‘ನಿಮ್ಮ ಹತ್ತಿರದವರು ಯಾರು?’ ಎಂಬ ಪ್ರಶ್ನೆಯ ಕೆಳಗೆ ಮೊದಲ ಸಾಲಿನಲ್ಲೇ ‘ಕರಡಕ್ಕ’ ಎಂದಿತ್ತು. ಅದರ ಮೇಲೆ ಅಡ್ಡಗೀಟು. ಆಮೇಲೆ ಹೆಂಡತಿ, ಆಮೇಲೆ ತಮ್ಮ.

“ಕೇಳಿದ ಕೂಡ್ಲೇ ಹೊಳೆದದ್ದು ನಿಮ್ಮ ಹೆಸರೇ ಅಕ್ಕಾ,” ಎಂದ ಅವನು. ಕಂಚಿನ ಕಂಠ ಹೋಗಿ ಪಿಸುಮಾತಷ್ಟೇ ಉಳಿದಿತ್ತು. “ಬರೆದ್ಮೇಲೆ ನೋಡ್ದೆ. ಹತ್ತಿರದವರು ಅಂತ ಪರ ಹೆಂಗಸಿನ ಹೆಸರು, ಅದೂ ಹೆಂಡತಿಗಿಂತ ಮೇಲೆ! ಯಾರಾದ್ರೂ ಏನಾದ್ರೂ ಅಂದ್ಕೊಂಡ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ಹೊಡೆದುಹಾಕ್ಬಿಟ್ಟೆ.”

“ನನ್ನ ಹೆಸರು ಮೇಲೆ ಬರೀರಿ ಅಂತ ನಾನೇನು ಕೇಳಿದ್ನಾ?” ಎಂದು ಒಳಗಿನಿಂದ ಅವನ ಹೆಂಡತಿಯ ದನಿ ಬಂತು.

ಕರಡಕ್ಕನಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವಳ ಚೀಲದಲ್ಲಿ ಫೋನ್ ಹೊಡೆದುಕೊಂಡಿತು. ಅವಳು ಕಣ್ಣು ಮುಚ್ಚಿ ಕಿವಿಗಿಟ್ಟಳು.

“ಎಕ್ಸ್‌ರೇ ಚೆನ್ನಾಗಿದೆಯಮ್ಮ, ಕಫದಲ್ಲೂ ಏನಿಲ್ಲ. ನಿಮ್ಮ ಕೆಮ್ಮು ಧೂಳಿಂದೇ ಇರ್ಬೇಕು. ಮಗೂನ ಎತ್ಕೊಳ್ಳಿ. ಮುಂದಿನ ವಾರ ಮತ್ತೆ ಬನ್ನಿ, ಕಾಯಿಲೆ ಬರದ ಹಾಗೆ ತಡೆಯೋ ಮಾತ್ರೆ ಬೇಕಾ ನೋಡೋಣ.”

ಅವಳು ಅಂಗಳದ ಕಟ್ಟೆಯ ಮೇಲೆ ಧೊಪ್ಪನೆ ಕುಳಿತಳು. ಕಂಠಣ್ಣ ಸರಳು ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದ. “ಏನಿಲ್ವಂತೆ ಅಣ್ಣಾ,” ಎಂದಳು. ಅವನ ಕಣ್ಣಲ್ಲಿ ನೀರು ತುಂಬಿ ಮುಖಗವಸಿನೊಳಗೆ ಇಳಿಯಿತು.

ಅವಳ ಕೈಯಲ್ಲಿ ಆ ಹಾಳೆ ಇನ್ನೂ ಇತ್ತು. ಕರಡು ತಿದ್ದುವವರಲ್ಲಿ ಒಂದು ರೂಢಿಯಿದೆ. ತಪ್ಪಾಗಿ ಹೊಡೆದ ಪದವನ್ನು ಉಳಿಸಬೇಕಾದರೆ ಅದರ ಕೆಳಗೆ ಚುಕ್ಕಿಗಳನ್ನಿಟ್ಟು, ಅಂಚಿನಲ್ಲಿ ‘ಇರಲಿ’ ಎಂದು ಬರೆಯುತ್ತಾರೆ. ಕರಡಕ್ಕ ಚೀಲದಿಂದ ಪೆನ್ನು ತೆಗೆದು ತನ್ನ ಹೆಸರಿನ ಕೆಳಗೆ ಒಂದೊಂದೇ ಚುಕ್ಕಿ ಇಟ್ಟಳು. ಅಂಚಿನಲ್ಲಿ ‘ಇರಲಿ’ ಎಂದು ಬರೆದು ಹಾಳೆಯನ್ನು ಸರಳಿನ ಸಂದಿಗೆ ಸಿಕ್ಕಿಸಿ, ಕೂಸನ್ನು ಎತ್ತಿಕೊಳ್ಳಲು ಮನೆಗೆ ಹೊರಟಳು.